ಮೂಗಿನ ಹೊಸ್ತಿಲು ದಾಟದ ಕಡ್ಡಿ

"ಈ ಕಡ್ಡೀನ ಮೂಗಿಗೆ ಹಾಕಿದ್ರೋ, ಗಾಳೀಲಿ ಆಡಿಸಿ ತಂದ್ರೋ? ಶಾಲೆ ಬಿಟ್ಟು ಬಂದೋನು ಡಾಕ್ಟರಾಗೋಕೆ ಹೋದ್ರೆ ಹೀಗೇ ಆಗೋದು."

ಲ್ಯಾಬಿನ ಕಿಟಕಿಯಿಂದ ಕನ್ನಡಕದ ಟೆಕ್ನೀಷಿಯನ್ ಇದನ್ನು ಹೇಳಿದಾಗ ನನ್ನ ಹಿಂದೆ ಹನ್ನೊಂದು ಜನ ನಿಂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು, ನಿಜ. ವಾರ್ಡಿನಿಂದ ಲ್ಯಾಬಿಗೆ ಸ್ಯಾಂಪಲ್ ಹೊರುವುದು ನನ್ನ ಕೆಲಸ. ಮೂರು ವರ್ಷದಲ್ಲಿ ಒಂದು ಟ್ಯೂಬೂ ಚೆಲ್ಲಿಲ್ಲ. ಆದರೆ ಇವತ್ತಿನ ಟ್ಯೂಬಿನ ಮೇಲಿದ್ದದ್ದು ನನ್ನ ಅಕ್ಕನ ಮಗಳ ಹೆಸರು.

ಗುಬ್ಬಿಗೆ ಹತ್ತು ತಿಂಗಳು. ಎರಡು ದಿನದಿಂದ ಉಸಿರೆಳೆದಾಗೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಯಾವ ಸೋಂಕೆಂದು ಗೊತ್ತಾದರೆ ಸರಿಯಾದ ಔಷಧಿ ಕೊಡಬಹುದೇನೋ ಎಂದಿದ್ದರು ಡಾಕ್ಟರು. ಆ 'ಏನೋ' ಅಕ್ಕನ ಕಿವಿಗೆ ಬೀಳಲೇ ಇಲ್ಲ.

ಬೆಳಿಗ್ಗೆ ಸ್ಯಾಂಪಲ್ಲಿಗೆಂದು ನರ್ಸಮ್ಮ ಮೂಗಿಗೆ ಹತ್ತಿ ಸುತ್ತಿದ ಕಡ್ಡಿ ಇಳಿಸುವಾಗ ಮಗುವಿನ ತಲೆ ಹಿಡಿದಿದ್ದವನು ನಾನೇ. ಗುಬ್ಬಿ ಕಿರುಚಿದಳು. ಸಾಕು ತೆಗೀರಿ ಎಂದು ನರ್ಸಮ್ಮನ ಕೈ ಎಳೆದವನೂ ನಾನೇ. ನೂರಾರು ಮಕ್ಕಳ ಕಡ್ಡಿ ಹೊತ್ತಿದ್ದೇನೆ, ಒಂದೂ ಒಳಗೆ ಹೋಗುವುದನ್ನು ನೋಡಿರಲಿಲ್ಲ. ಗುಬ್ಬಿಯ ಕಡ್ಡಿ ಮೂಗಿನ ಹೊಸ್ತಿಲಲ್ಲೇ ನಿಂತಿತ್ತು. ಲ್ಯಾಬಿನ ಮೆಷಿನ್ ಒಂದು ಗಂಟೆ ತಿರುಗಿ, ಇದರಲ್ಲಿ ಮನುಷ್ಯರ ಜೀವಕೋಶವೇ ಇಲ್ಲ ಎಂದಿತು. ಅಷ್ಟರಲ್ಲಿ ನನ್ನ ಘನಕಾರ್ಯ ನರ್ಸಮ್ಮನ ಫೋನಿನಲ್ಲಿ ಟೆಕ್ನೀಷಿಯನ್ನನ ಕಿವಿ ಮುಟ್ಟಿತ್ತು.

ಕಿಟಕಿ ಬಿಟ್ಟು ವಾರ್ಡಿಗೆ ವಾಪಸು ಹೊರಟೆ. ಅವನು ಹೇಳಿದ್ದು ಸುಳ್ಳಾಗಿದ್ದರೆ ಹಲ್ಲು ಉದುರಿಸುತ್ತಿದ್ದೆ.

ಎರಡನೇ ಸಲ ಗುಬ್ಬಿಯ ತಲೆಯನ್ನು ಅಲುಗದಂತೆ ಬಿಗಿಹಿಡಿದೆ. ಕಡ್ಡಿ ಅರ್ಧ ಬೆರಳುದ್ದ ಒಳಗೆ ಹೋಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಈ ಸಲ ಅಳುವಷ್ಟೂ ಉಸಿರಿರಲಿಲ್ಲ.

ಸಂಜೆ ಅದೇ ಕಿಟಕಿ, ಅದೇ ಕನ್ನಡಕ. ದನಿ ಮಾತ್ರ ಮೆತ್ತಗಾಗಿತ್ತು. ವೈರಸ್ ಸಿಕ್ಕಿದೆ, ಎಳೆ ಮಕ್ಕಳ ಎದೆಯನ್ನೇ ಹಿಡಿಯುವಂಥದ್ದು ಎಂದ. ಔಷಧಿ ಕೇಳಿದೆ. ಇದಕ್ಕೆಂದೇ ಇರುವ ಔಷಧಿ ಇಲ್ಲವಂತೆ. ಈಗ ಕೊಡುತ್ತಿರುವ ಆಂಟಿಬಯಾಟಿಕ್ಕನ್ನೂ ಡಾಕ್ಟರು ನಿಲ್ಲಿಸಬಹುದಂತೆ. ಆಕ್ಸಿಜನ್ ಕೊಟ್ಟು ಕಾಯಬೇಕು, ಅಷ್ಟೇ.

ಅಕ್ಕ ವಾರ್ಡಿನ ಬಾಗಿಲಲ್ಲೇ ನನ್ನ ಕೈಯಿಂದ ರಿಪೋರ್ಟಿನ ಕಾಗದ ಕಸಿದುಕೊಂಡಳು.

"ಏನಂತ ಗೊತ್ತಾಯ್ತೇನೋ?"

"ಗೊತ್ತಾಯ್ತು."

ಎರಡು ದಿನದಲ್ಲಿ ಮೊದಲ ಸಲ ಅವಳು ನಕ್ಕಳು. "ನನ್ನ ತಮ್ಮ ಅಂದ್ರೆ ತಮ್ಮ ಕಣೋ. ಔಷಧಿ ಯಾವಾಗ ಶುರು ಮಾಡ್ತಾರಂತೆ?"

ಅವಳ ಹಿಂದೆ, ಮಂಚದ ಮೇಲೆ, ಗುಬ್ಬಿಯ ಮಾಸ್ಕು ಮಂಜುಗಟ್ಟಿ, ತಿಳಿಯಾಗಿ, ಮತ್ತೆ ಮಂಜುಗಟ್ಟುತ್ತಿತ್ತು. ನಾನು ಸ್ಯಾಂಪಲ್ ಡಬ್ಬ ಎತ್ತಿಕೊಂಡು ಕಾರಿಡಾರಿನ ಆ ತುದಿಗೆ ನಡೆದೆ.