ಎರಡು ಮೊಳದ ಸಂದಿ

ನಾಲ್ಕನೇ ಸಲವೂ ಪರದೆ ಬೆಳ್ಳಗಾಗಿ ನಿಂತಿತು. ಫರ್ಹಾನಾ ಮೌಸ್ ಅಲ್ಲಾಡಿಸಿದಳು, ಮೇಜನ್ನು ಎರಡು ಸಲ ಕುಟ್ಟಿದಳು, ಸರ್ವೆ ಕಚೇರಿಯ ಗೋಡೆ ಗಡಿಯಾರ ನೋಡಿದಳು. ಮೂರೂಕಾಲು. ಐದು ಗಂಟೆಗೆ ಡೋಣಿ ಊರಿನ ನಕ್ಷೆ ಮೇಲಿನ ಕಚೇರಿಗೆ ಹೋಗಬೇಕು. ಒಮ್ಮೆ ಹೋಯಿತೆಂದರೆ ಮುಗಿಯಿತು. ನೆಲದ ಮೇಲೆ ಏನಾದರೂ ಇರಲಿ, ನಕ್ಷೆಯಲ್ಲಿ ಇದ್ದದ್ದೇ ಖರೆ.

ಅವಳ ಬೆನ್ನ ಹಿಂದಿನ ಬೆಂಚಿನ ಮೇಲೆ, ಡೋಣಿಯಿಂದ ಒಂದೇ ಬಸ್ಸಿನಲ್ಲಿ ಬಂದ ಇಬ್ಬರು ಕೂತಿದ್ದರು. ಒಬ್ಬಳು ಅಮೃತವ್ವ. ಇನ್ನೊಬ್ಬ ಅವಳ ಗಂಡನಿಗೆ ಅಣ್ಣನ ವರಸೆಯ ಹುಚ್ಚೀರಪ್ಪ. ಇಬ್ಬರ ಮನೆಗಳೂ ಅಕ್ಕಪಕ್ಕ, ನಡುವೆ ಎರಡು ಮೊಳದ ಸಂದಿ. ಅಮೃತವ್ವನ ಬಾಗಿಲಿಗೆ ಹೋಗಲು ಇರುವ ದಾರಿ ಅದೊಂದೇ. ಊರ ಮೇಲೆ ಡ್ರೋನ್ ಹಾರಿಸಿ ಫೋಟೊ ತೆಗೆದರು. ಆ ಫೋಟೊದ ಮೇಲೆ ಮನೆಮನೆಯ ಗಡಿ ಎಳೆದು, ಹಕ್ಕುಪತ್ರದ ಕರಡನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದರು. ಅದರಲ್ಲಿ ಸಂದಿ ಇರಲಿಲ್ಲ. ಹುಚ್ಚೀರಪ್ಪನ ಮನೆ ಅಮೃತವ್ವನ ಗೋಡೆಯತನಕ ಬಂದು ನಿಂತಿತ್ತು. ಅವನು ಮರುದಿನವೇ ಸಂದಿಯ ಬಾಯಿಗೆ ತಗಡಿನ ಕದ ಮಾಡಿಸಲು ಹೇಳಿಬಂದಿದ್ದ.

ಆ ಗಡಿ ಎಳೆದವಳು ಫರ್ಹಾನಾ.

"ಸಿಕ್ತೇನ ಯವ್ವಾ?" ಅಮೃತವ್ವ ಕೇಳಿದಳು.

"ತಡೀರಿ ಅಮ್ಮಾರ. ಫೈಲ್ ದೊಡ್ಡದೈತಿ, ತೆರೀವಲ್ದು."

"ನಮ್ಮೂರು ಅಷ್ಟೇನ ದೊಡ್ಡದಲ್ಲಲ್ಲ."

"ಊರು ಸಣ್ಣದ ಐತ್ರಿ. ಫೋಟೊ ದೊಡ್ಡದು."

ಹುಚ್ಚೀರಪ್ಪ ಗಂಟಲು ಸರಿಮಾಡಿಕೊಂಡ. "ನಾ ಏನೂ ಬರಿಸಿಲ್ಲ ನೋಡ್ರಿ ಬಾಯಾರ. ಕಂಪ್ಯೂಟರ್ ಕೊಟ್ಟೈತಿ. ಮ್ಯಾಲಿಂದ ನೋಡಿದ್ದು ಸುಳ್ಳಾಕ್ಕೈತೇನ?"

"ಮ್ಯಾಲಿನದು ಬಿಡ್ರಿ ಭಾವಾ. ನೀವು ಕೆಳಗ ಅಡ್ಡಾಡಾಕತ್ತಿ ಎಪ್ಪತ್ತ ವರ್ಷ ಆತು. ನಿಮಗ ಕಂಡಿಲ್ಲೇನ?"

ಹುಚ್ಚೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. ಕಿಟಕಿಯಾಚೆ ಬೆಟಗೇರಿಯ ಮಗ್ಗಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ದಿನವೂ ಕೇಳಿ ಕಿವಿಗೆ ಬೀಳದ ಆ ಸದ್ದು ಇವತ್ತು ಫರ್ಹಾನಾಳ ತಲೆಯೊಳಗೇ ಕೂತು ಕುಟ್ಟುತ್ತಿತ್ತು.

ಸಂದಿ ಎಲ್ಲಿ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾವಿರಾರು ಫೋಟೊಗಳನ್ನು ಜೋಡಿಸಿ, ಒತ್ತಿ ಕುಗ್ಗಿಸಿ, ಇಡೀ ಊರನ್ನು ಒಂದೇ ಫೈಲಿನಲ್ಲಿ ಇಟ್ಟಿದ್ದರು. ಬಿಚ್ಚಿದರೆ ಅದು ಹತ್ತು ಪಟ್ಟು ಹಿಗ್ಗುತ್ತದೆ, ಕಚೇರಿಯ ಹಳೇ ಕಂಪ್ಯೂಟರಿಗೆ ಉಸಿರು ಕಟ್ಟುತ್ತದೆ. ಆದರೆ ಅದೇ ಫೈಲಿನ ಹೊಟ್ಟೆಯಲ್ಲಿ ಅದೇ ಊರಿನ ಸಣ್ಣ ಪ್ರತಿಗಳೂ ಇರುತ್ತವೆ. ಅರ್ಧದ್ದು, ಕಾಲಿನದ್ದು, ಎಂಟನೇ ಒಂದು ಪಾಲಿನದ್ದು. ಎಂಟನೇ ಪಾಲಿನದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ದಿನಕ್ಕೆ ಅರವತ್ತು ಮನೆ ಎಳೆಯಬೇಕು ಅಂದಿದ್ದರು. ಫರ್ಹಾನಾ ಆ ಸಣ್ಣ ಪ್ರತಿಯ ಮೇಲೆ ದಿನಕ್ಕೆ ನೂರು ಎಳೆದಳು. ಮೇಲ್ವಿಚಾರಕ ಯಲ್ಲೇಶ ಎಲ್ಲರೆದುರು ಅವಳನ್ನು ಹೊಗಳಿದ. ಅವಳು ಹಿಗ್ಗಿದಳು ಕೂಡ, ಸುಳ್ಳು ಯಾಕೆ ಹೇಳಬೇಕು.

ದೊಡ್ಡ ಫೋಟೊದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಎರಡು ಇಂಚು. ಎಂಟನೇ ಪಾಲಿನದರಲ್ಲಿ ಹದಿನಾರು. ಎರಡು ಮೊಳದ ಸಂದಿಗೆ ಅಲ್ಲಿ ಸಿಗುವುದು ಎರಡೇ ಚುಕ್ಕಿ, ಅದೂ ಎರಡು ತಗಡಿನ ನಡುವಿನ ನೆರಳಿನಲ್ಲಿ. ಅವಳು ಅದನ್ನು ತಗಡಿನ ಕೂಡುಗೆರೆ ಅಂದುಕೊಂಡಿದ್ದಳು. ಅಂದುಕೊಂಡಿದ್ದಳು ಅನ್ನುವುದೂ ಪೂರ್ತಿ ಸರಿಯಲ್ಲ. ನಿಂತು ನೋಡಿರಲಿಲ್ಲ.

ಐದನೇ ಸಲ ಇಡೀ ಫೈಲ್ ತೆರೆಯಲು ಹೊರಟ ಕೈಯನ್ನು ಅವಳೇ ತಡೆದುಕೊಂಡಳು. ಬುದ್ಧಿ ಎಲ್ಲಿ ಹೋಗಿತ್ತು? ಒಂದು ರೊಟ್ಟಿಗಾಗಿ ಚೀಲ ಜೋಳವನ್ನೆಲ್ಲ ಗಿರಣಿಗೆ ಸುರಿದ ಹಾಗೆ ಮಾಡುತ್ತಿದ್ದಾಳೆ. ಫೈಲಿನ ಒಳಗೆ ಊರು ಸಣ್ಣ ಸಣ್ಣ ಚೌಕಗಳಾಗಿಯೇ ಇರುತ್ತದೆ. ಬೇಕಾದ ಚೌಕವನ್ನಷ್ಟೇ ಕರೆದರೆ ಉಳಿದ ಊರು ಮಲಗಿದಲ್ಲೇ ಮಲಗಿರುತ್ತದೆ. ತೆರೆದಿದ್ದನ್ನೆಲ್ಲ ಮುಚ್ಚಿದಳು. ಹುಚ್ಚೀರಪ್ಪನ ಮನೆ ಇರುವ ಜಾಗದ ಅಂಕಿಗಳನ್ನು ಬರೆದು, ನಾಲ್ಕೇ ಚೌಕ ಕೇಳಿದಳು.

ಪರದೆ ಒಂದು ಕ್ಷಣ ಮಸುಕಾಗಿ, ಆಮೇಲೆ ತಿಳಿಯಾಯಿತು.

"ಬರ್ರಿ ಇಲ್ಲೆ," ಅಂದಳು.

ಎರಡು ತಗಡಿನ ಮಾಡು, ನಡುವೆ ಸಂದಿ. ಸಂದಿಯ ತುಂಬ ಸಾಲಾಗಿಟ್ಟ ಕೊಡಗಳು, ಅವುಗಳ ಮೇಲೆ ಬಾಗಿದ ಒಂದು ಹಸಿರು ಸೀರೆ.

"ನಾನ ಅದು," ಅಮೃತವ್ವ ಮೆಲ್ಲಗೆ ಅಂದಳು. "ನಳ ಬಂದಿತ್ತು ಅವತ್ತ." ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಭಾವನ ಕಡೆ ತಿರುಗಿದಳು. "ಈಗರ ಕಂಡತೇನ್ರಿ?"

"ಕಂಡತ ಬಿಡು," ಅಂದ ಹುಚ್ಚೀರಪ್ಪ.

ಹತ್ತು ನಿಮಿಷದಲ್ಲಿ ಫರ್ಹಾನಾ ಗಡಿ ಸರಿಮಾಡಿದಳು. ತಕರಾರು ಅರ್ಜಿಗೆ ಅಮೃತವ್ವ ಹೆಬ್ಬೆಟ್ಟು ಒತ್ತಿದಳು. ನಾಲ್ಕು ಗಂಟೆ. ನಾಲ್ಕೂವರೆಗೆ ಡೋಣಿಯ ಬಸ್ಸು. ಎಲ್ಲ ಸರಿಹೋಯಿತು ಅಂತ ಫರ್ಹಾನಾ ಬಾಟಲಿ ಎತ್ತಿ ನೀರು ಕುಡಿಯುತ್ತಿರುವಾಗ ಹುಚ್ಚೀರಪ್ಪ ಬಾಗಿಲಿನಿಂದ ಹಿಂತಿರುಗಿದ.

"ಬಾಯಾರ, ನಮ್ಮ ಮನಿ ಹಿಂದ ಒಂದ ಸಂದಿ ಐತಿ. ನಮಗೂ ಅಲ್ಲಾಸಾಬಗೂ ನಡುವ. ನಮ್ಮ ಎಮ್ಮಿ ಹಿತ್ತಲಕ ಹೋಗೂದು ಅದರಾಗ. ಅದೊಂದೀಟು ನೋಡ್ರಲ್ಲ."

ಅವಳು ಕೆಳಗಿನ ಚೌಕ ಕರೆದಳು. ಫೋಟೊದಲ್ಲಿ ಸಂದಿ ಇತ್ತು, ಎಮ್ಮೆಯೂ ಇತ್ತು. ಅದರ ಮೇಲೆ ತಾನು ಎಳೆದ ಗೆರೆ ಹಾಕಿ ನೋಡಿದಳು. ಸಂದಿಯಷ್ಟೂ ಅಲ್ಲಾಸಾಬನ ಪಾಲಿಗೆ ಹೋಗಿತ್ತು.

"ಹಂಗಾರ ನಮ್ಮ ಎಮ್ಮಿ ಎಲ್ಲಿಂದ ಹೋಗಬೇಕ್ರಿ?" ಹುಚ್ಚೀರಪ್ಪನ ದನಿ ಇಳಿದುಹೋಗಿತ್ತು.

"ತಗಡಿನ ಕದ ಮಾಡಸಾಕ ಹಾಕೀರಲ್ಲ," ಅಂದಳು ಅಮೃತವ್ವ. "ಅಲ್ಲಾಸಾಬಗ ಕೊಡ್ರಿ, ಅವಗ ಬೇಕಾಕ್ಕೈತಿ." ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಹುಚ್ಚೀರಪ್ಪನಿಗೂ ನಗು ಬಂತು.

ಫರ್ಹಾನಾಳಿಗೆ ಬರಲಿಲ್ಲ. ಡೋಣಿಯಲ್ಲಿ ಅವಳು ಎಳೆದದ್ದು ಆರುನೂರಾ ಹದಿನೆಂಟು ಮನೆ. ತಕರಾರು ಬಂದದ್ದು ಒಂದು. ಪಂಚಾಯ್ತಿ ಗೋಡೆಯ ಕರಡನ್ನು ದಿನಕ್ಕೆರಡು ಸಲ ನೋಡಿಬಂದ ಹುಚ್ಚೀರಪ್ಪನಿಗೇ ತನ್ನ ಪಾಲಿಗೆ ಬಂದದ್ದು ಕಂಡಿತ್ತು, ಹೋದದ್ದು ಕಂಡಿರಲಿಲ್ಲ. ಉಳಿದವರಿಗೆ ಏನು ಕಂಡಿರುತ್ತದೆ? ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಇನ್ನು ಐವತ್ತು ನಿಮಿಷ ಸುಮ್ಮನಿದ್ದರೆ ಸಾಕು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಎದ್ದು ಯಲ್ಲೇಶನ ಮೇಜಿನ ಮುಂದೆ ಹೋಗಿ ನಿಂತಳು.

"ಡೋಣಿ ಇವತ್ತ ಕಳಸಬ್ಯಾಡ್ರಿ ಸರ್."

ಯಲ್ಲೇಶ ಫೋನಿನಿಂದ ತಲೆಯೆತ್ತಿದ. "ತಕರಾರ ಒಂದ ಇತ್ತಲ್ಲ. ಆತಿಲ್ಲೋ?"

"ಅದು ಆತ್ರಿ. ಇಡೀ ಊರು ನಾ ಸಣ್ಣ ಪ್ರತಿ ಮ್ಯಾಲ ಎಳದೀನಿ. ಸಂದಿಗೋಳು ನುಂಗಿ ಹೋಗ್ಯಾವು. ಚೌಕ ಚೌಕ ತಗದು ಮತ್ತ ನೋಡಬೇಕ್ರಿ. ಹತ್ತ ದಿನ ಬೇಕು."

"ಬ್ಯಾರೆ ಯಾರೂ ಬಂದಿಲ್ಲಲ್ಲ?"

"ಗೋಡಿ ಮ್ಯಾಲಿಂದು ಯಾರಿಗೆ ಓದಾಕ ಬರತೈತ್ರಿ ಸರ್? ಎಳದ ನನಗ ಕಂಡಿಲ್ಲ ಅಂದಮ್ಯಾಲ."

ಯಲ್ಲೇಶ ಫೋನು ಬದಿಗಿಟ್ಟು ಪೆನ್ನು ಎತ್ತಿಕೊಂಡ. ಅವನು ಕೆಟ್ಟವನಲ್ಲ, ಆದರೆ ಅವನಿಗೂ ಮೇಲಿನವರಿದ್ದಾರೆ. "ಯಾಕ ತಡ ಆತಂತ ಕೇಳತಾರ. ಯಾರ ಹೆಸರ ಬರೀಲಿ?"

"ನಂದ ಬರೀರಿ."

"ನಿಮ್ಮ ಗುತ್ತಿಗಿ ಈ ತಿಂಗಳಿಗೆ ಮುಗೀತೈತಿ. ಇಂಥಾದ್ದು ಬರದ ಮ್ಯಾಲ ಮುಂದಿಂದು ಅವರು ಕೊಡೂದಿಲ್ಲ. ಗೊತ್ತೈತಲ್ಲ?"

"ಗೊತ್ತೈತ್ರಿ."

ಅವನು ಬರೆಯತೊಡಗಿದ. ಫರ್ಹಾನಾ ಮನೆಯಲ್ಲಿ ಏನು ಹೇಳುವುದು ಅಂತ ಯೋಚಿಸುತ್ತ ತನ್ನ ಜಾಗಕ್ಕೆ ಬಂದಳು. ಬೆಂಚಿನ ಮೇಲೆ ಅಮೃತವ್ವ, ಹುಚ್ಚೀರಪ್ಪ ಇನ್ನೂ ಕೂತೇ ಇದ್ದರು.

"ಬಸ್ಸು?"

"ಆರಕ್ಕ ಮತ್ತೊಂದೈತಿ ತಗೋರಿ," ಅಂದ ಹುಚ್ಚೀರಪ್ಪ. "ನೀವು ಊರ ಎಲ್ಲ ನೋಡವರದೀರಂತ. ಕೇಳಿಸ್ತು."

ಅಮೃತವ್ವ ಬೆಂಚನ್ನು ಮೇಜಿನ ಹತ್ತಿರ ಎಳೆದಳು. "ಎಲ್ಲಿಂದ ಚಾಲೂ ಮಾಡತೀ ಯವ್ವಾ?"

"ಒಂದನೇ ನಂಬರ್ ಮನಿ. ಊರ ಅಗಸಿ ಬಾಗಲ ಮಗ್ಗಲದ್ದು."

"ಲಾಲಬಿ ಮನಿ ಅದು," ಅಂದಳು ಅಮೃತವ್ವ.

"ಅವರ ಬಾಗಲ ಯಾವ ಕಡಿಗೈತ್ರಿ?"

ಇಬ್ಬರೂ ಒಟ್ಟಿಗೇ ಕೈ ತೋರಿಸಿದರು, ಒಬ್ಬಳು ಎಡಕ್ಕೆ, ಒಬ್ಬ ಬಲಕ್ಕೆ. ಆಮೇಲೆ ಇಬ್ಬರೂ ಕೈ ಹಿಂತೆಗೆದುಕೊಂಡರು. ಪರದೆಯ ಮೇಲೆ ಮೊದಲನೇ ಚೌಕ ಮೂಲೆಯಿಂದ ಬಿಚ್ಚಿಕೊಳ್ಳತೊಡಗಿತ್ತು, ಇನ್ನೂ ಮಸುಕು. ಮೂವರೂ ಮುಂದಕ್ಕೆ ಬಾಗಿದರು.