ಗೋರಾನ ಎಡಗೈ ತೊಗಲು

ಲಡಾಯಿ ನಡದಿದ್ದ ವರ್ಷ. ಆಗ ನಂದು ವಾಡಿ ಟೇಸನ್ ಮುಂದ ಟಾಂಗಾ. ಒಂದಿನ ಅಮೇರಿಕಾ ಸಿಪಾಯಿಗೋಳ ರೈಲು ಇಂಜಿನ್ನಿಗಿ ನೀರು ತುಂಬ್ಲಿಕ್ಕ ನಿಂತಿತ್ತು. ಅದರಾಗಿಂದ ಒಬ್ಬ ಗೋರಾ ಇಳದ. ಎತ್ತರ ಎಷ್ಟಂತೀರಿ, ಸಿಗ್ನಲ್ ಕಂಬದ ಬಾಜೂಕ ನಿಂತ್ರ ಕಂಬನೇ ಗಿಡ್ಡ ಕಾಣ್ತಿತ್ತು.

ನಾ ಕುದುರಿ ಲಗಾಮು ಹೊಲೀಲಿಕತ್ತಿದ್ದೆ. ಅವ ಅದನ್ನ ನೋಡಿ ಸೀದಾ ಬಂದು ಒಂದು ತೊಗಲಿನ ಕೈ ನನ್ನ ತೊಡಿ ಮ್ಯಾಲ ಒಗದ. ಒಂದೊಂದು ಬೆರಳು ಬದನಿಕಾಯಿಗಿಂತ ದಪ್ಪ. ಹೆಬ್ಬಟ್ಟಿಗೂ ತೋರಬೆರಳಿಗೂ ನಡುವ ಹೆಣದಿದ್ದ ಬಾರು ಹರದು ಜೋತಾಡ್ಲಿಕತ್ತಿತ್ತು. ಮೂರು ದಿನಕ್ಕ ತಿರುಗಿ ಬರ್ತೀನಿ ಅಂತ ಬೆರಳು ತೋರ್ಸಿದ. ನಾ ಎದಿ ಮ್ಯಾಲ ಕೈ ಇಟ್ಟು, ಹೊಲದು ಇಡ್ತೀನಂತ ಜಬಾನು ಕೊಟ್ಟೆ. ರೈಲು ಹೋಯ್ತು.

ಪಾರ್ಸಲ್ ಬಾಬು ಗುರುರಾಜರಾಯರು ಬಂದು ಬಗ್ಗಿ ನೋಡಿದ್ರು. ಭಾಳ ಮಡಿ ಮನುಷ್ಯಾ.

"ಇದರ ಜೋಡಿ ಎಲ್ಲದನೋ, ಮಜೀದಾ?"

"ಒಂದೇ ಕೊಟ್ಟಾನ್ರಿ ರಾಯರ."

"ಯಾವ ಕೈದು?"

ತಿರುವಿ ನೋಡ್ದೆ. "ಎಡಗೈದ್ರಿ."

ರಾಯರ ಮಾರಿ ಹುಳಿ ಮಜ್ಜಿಗಿ ಕುಡದಂಗ ಆಯ್ತು. "ಒಂದೇ ಕೈ. ಅದೂ ಎಡಗೈ. ಈ ಗೋರಾಗೋಳು ಸಂಡಾಸಿಗಿ ನೀರು ಒಯ್ಯಂಗಿಲ್ಲ ಅಂಬೋದು ನಿನಗ ಗೊತ್ತಿಲ್ಲೇನು? ಮತ್ತ ಇದು ಯಾತಕ್ಕಂತೀ?"

ಥೂ ಥೂ ಥೂ! ನನ್ನ ತೊಡಿ ಮ್ಯಾಲೇ ಇತ್ತಲ್ರಿ ಅದು! ರಾಯರು ಮುಟ್ಟಿದ್ದಿಲ್ಲ, ಬರೇ ನೋಡಿದ್ರು. ಆದ್ರೂ ಇಂಜಿನ್ನಿಗಿ ನೀರು ಬಿಡೋ ಸೊಂಡಿ ಬುಡುಕ ನಿಂತು ಧೋತರ ಸಮೇತ ಜಳಕ ಮಾಡಿ ಹೋದ್ರು.

ಆ ತೊಗಲನ್ನ ಚಾಬೂಕಿನ ತುದಿಗಿ ಸಿಗಿಸ್ಕೊಂಡು ಮನಿಗಿ ಒಯ್ದೆ. ಸುದ್ದಿ ನನಗಿಂತ ಮುಂಚೆ ಹೋಗಿತ್ತು. ನನ್ನ ಹೇಂತಿ ಸೈದಾನಬಿ ಬಾಗಲಾಗೇ ನಿಂತಿದ್ಲು.

"ಅದನ್ನ ಒಗದು ಬಾ. ಇಲ್ಲಾಂದ್ರ ಹೊಸ್ತಿಲ ದಾಟಬ್ಯಾಡ. ಆ ಕೈ ನನ್ನ ತಾಟಿಗಿ ಬೀಳಬಾರ್ದು."

"ಜಬಾನು ಕೊಟ್ಟೀನಲ್ಲ!"

"ಹಂಗಾರ ಜಬಾನೇ ತಿನ್ನು."

ಮೂರು ದಿನ ಬೇವಿನ ಗಿಡದ ಕೆಳಗ ಕುದುರಿ ಬಾಜೂಕ ಕುಂತೆ. ರೊಟ್ಟಿ ದೂರದಿಂದ ಒಗೀತಿದ್ಲು, ನಾಯಿಗಿ ಒಗದಂಗ.

ಹಳೇ ಲಗಾಮಿನ ತೊಗಲು ಸೀಳಿ ಬಾರು ತಗದೆ. ಹರಳೆಣ್ಣಿ ತಿಕ್ಕಿ ಮೆತ್ತಗ ಮಾಡಿ, ದಬ್ಬಣದಲೆ ಒಂದೊಂದೇ ತೂತಿನಾಗ ಹಾಯಿಸ್ದೆ. ಒಳಗ ಕೈ ಹಾಕ್ಲಿಕ್ಕ ಹೇಸಿಗಿ ಬಂದು ಬೇವಿನ ಕಟಗಿ ತುರಕಿ ಜಗ್ಗಿದೆ. ಒಂದು ಕಡಿ ಬಿಗಿ, ಒಂದು ಕಡಿ ಸಡ್ಲ, ಬಾಯಿ ಕಪ್ಪಿಯಂಗ ಸೊಟ್ಟ. ಲಗಾಮಾದ್ರೂ ಕುದುರಿ ಬಾಯಾಗ ಹಾಕೇ ಹದ ನೋಡಬೇಕು. ಇದಕ್ಕೂ ಒಳಗ ಕೈ ಇರ್ಬೇಕು, ಬ್ಯಾರೆ ದಾರಿ ಇಲ್ಲ. ಉಸಿರು ಹಿಡದು, ಕಣ್ಣು ಮುಚ್ಚಿ ಎಡಗೈ ಹಾಕ್ದೆ. ಯಪ್ಪಾ! ಒಳಗೆಲ್ಲಾ ಜಿಗಿಜಿಗಿ, ಹಳೇ ಬೆವರಿನ ನಾತ. ಒಂದೊಂದು ಗಂಟು ಹಾಕಿದಾಗೂ ಒಮ್ಮೊಮ್ಮಿ ಓಕರಿಸ್ದೆ. ಆ ನಾತಕ್ಕ ನನ್ನ ಕುದುರಿ ಮೂರು ದಿನ ಚಿತ್ತಾಪುರದ ಕಡಿ ಮಾರಿ ಮಾಡಿ ನಿಂತಿತ್ತು. ಶಹಾಬಾದಿನ ಕಾಗಿ ಒಂದೂ ವಾಡಿ ಕಡಿ ಹಾರ್ಲಿಲ್ಲ. ಸುಳ್ಳಾದ್ರ ಕಾಗೀನೇ ಕೇಳ್ರಿ.

ನಾಕನೇ ದಿನ ರೈಲು ಬಂತು. ಗೋರಾ ತೊಗಲು ಇಸ್ಕೊಂಡು ಎಡಗೈಗಿ ಹಾಕ್ದ, ಬಾರು ಜಗ್ಗಿ ನೋಡ್ದ, ನಕ್ಕ. ನಕ್ಕು, ಅದರಾಗ ಥೂ ಅಂತ ಉಗುಳಿದ! ಉಗುಳಿ ಮುಷ್ಟೀಲೆ ತಿಕ್ಕಿದ! ತಿಕ್ಕಿ, ಮಾರಿ ಅದರಾಗ ಇಟ್ಟು ಉದ್ದಕ ಉಸಿರು ಎಳಕೊಂಡ, ಬಿರಿಯಾನಿ ಹಂಡೇದ ಮುಚ್ಚಳ ತಗದಂಗ!

"ನಾರಾಯಣಾ," ಅಂತ ರಾಯರು ಪಾರ್ಸಲ್ ಮೂಟಿ ಮ್ಯಾಲೇ ಕುಂತುಬಿಟ್ರು.

ಅಷ್ಟರಾಗ ಡಬ್ಬಿ ಬಾಗಲಾಗಿಂದ ಇನ್ನೊಬ್ಬ ಗೋರಾ ಬಿಳೀ ಚೆಂಡು ಬೀಸಿ ಒಗದ. ನಮ್ಮವ ಎಡಗೈ ಚಾಚಿದ. ಥಪ್! ಚೆಂಡು ಬಾರಿನ ಬಲಿಯಾಗ ಕುಂತಿತು. ನನ್ನ ಗಂಟು ಒಂದೂ ಅಲುಗ್ಲಿಲ್ಲ.

"ಅಯ್ಯ, ಚೆಂಡು ಹಿಡೀಲಿಕ್ಕ ಏನೋ ಇದು, ಮಜೀದಾ!"

"ನೀವೇ ಹೇಳಿದ್ರಲ್ರಿ ರಾಯರ!"

"ನಾ ಎಲ್ಲಿ ಹೇಳ್ದೆ? ಯಾತಕ್ಕಂತ ಕೇಳ್ದೆ."

ಗೋರಾ ಖುಷಿಯಾಗಿ ಚೆಂಡು ನನ್ನ ಕಡಿ ಒಗದ. ನಾ ಬರೀ ಬಲಗೈ ಒಡ್ಡಿದೆ. ಮನಿ ಮುಟ್ಟೂದ್ರಾಗ ಅಂಗೈ ಬಾತು ಕುಂಬಳಕಾಯಿ.

ಸೈದಾನಬಿಗಿ ಎಲ್ಲಾ ಹೇಳ್ದೆ. "ಮೊನ್ನಿ ಕಾಗಿಣಾ ಹೊಳ್ಯಾಗ ಮೊಸಳಿ ಮ್ಯಾಲ ಕುಂತು ಬಂದೆ ಅಂದೀ. ಇವತ್ತ ಚೆಂಡಂತ!" ಅಂದ್ಲು. ಬಾತ ಕೈ ಮುಂದ ಮಾಡ್ದೆ. ಒತ್ತಿ ನೋಡಿದ್ಲು, ನಾ ಚೀರ್ದೆ. ಒಳಗ ಕರದು ತಾಟು ಇಟ್ಲು.

ಬಲಗೈ ಮಡಚಲೊಲ್ದು. ಎಡಗೈ ಚಾಚಿದೆ.

"ಮುಟ್ಟಿದ್ರ ನೋಡು!" ಅಂತ ತಾಟು ಕಸ್ಕೊಂಡ್ಲು. ಸೆರಗಲೆ ಮೂಗು ಮುಚ್ಕೊಂಡು, ಮಾರಿ ಗ್ವಾಡಿ ಕಡಿ ಮಾಡಿ, ತಾನೇ ರೊಟ್ಟಿ ಮುರದು ನನ್ನ ಬಾಯಿಗಿ ಇಟ್ಲು. ಮೊದಲನೇ ತುತ್ತು ಕಿವ್ಯಾಗ ಹೋಯ್ತು.