ಚಿಲಕ ತೆಗೆಯುವ ಕಾಕಟೂ

ಹೊಸದುರ್ಗದ ಯಶೋದಾ ಸಾಕಿದ್ದ ಕಾಕಟೂ ಗಿಳಿ ಆ ವಾರ ಮೂರನೇ ಸಲ ಪಂಜರದ ಚಿಲಕ ಎತ್ತಿ, ಬೀರುವಿನ ಮೇಲೆ ಹೋಗಿ ಕೂತಿತ್ತು.

"ಬೀಗ ಜಡಿಯಾಣ ಕಣೆ," ಎಂದ ಗಂಡ ಪರಮೇಶ್.

ಯಶೋದಾಗೆ ಶ್ರೀರಾಂಪುರದ ತವರಿನ ಟಗರು ನೆನಪಾಯಿತು. ಅದೂ ಕುರಿರೊಪ್ಪದ ಅಗುಳಿಯನ್ನು ಕೊಂಬಿನಿಂದ ಸರಿಸಿ ಹೊರಬೀಳುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಕೋಲೆತ್ತಿದವಳನ್ನು ಅಪ್ಪ ತಡೆದಿದ್ದರು.

"ಬಿಡವ್ವ, ಅದಕ್ಕೆ ಬ್ಯಾಸ್ರ ಆಗೈತೆ," ಎಂದು ಸೊಪ್ಪಿನ ಕಂತೆಯನ್ನು ಎಟುಕೀ ಎಟುಕದಷ್ಟು ಎತ್ತರಕ್ಕೆ ಕಟ್ಟಿದ್ದರು.

"ಬೀಗ ಜಡಿರಿ. ಆದ್ರೆ ಇದಕ್ಕೊಂದು ಕೆಲ್ಸಾನೂ ಬೇಕು," ಎಂದ ಯಶೋದಾ, ಸುಲಿಯದ ತೆಂಗಿನಕಾಯಿಯೊಂದನ್ನು ಪಂಜರದೊಳಗೆ ತೂಗುಹಾಕಿದಳು.

ಪಂಜರಕ್ಕೆ ಮರಳಿದ ಗಿಳಿ ಬಾಗಿಲು ಮರೆತು ಸಂಜೆಯವರೆಗೂ ನಾರು ಕಿತ್ತಿತು. ಅವಳು ಪಕ್ಕದಲ್ಲೇ ಕೂತು, ಕುರಿ ಕಾಯುವಾಗ ಅಪ್ಪ ಹೊದೆಯುತ್ತಿದ್ದ ಕಂಬಳಿಯ ವಾಸನೆ ಹೇಗಿತ್ತೆಂದು ಗಂಡನಿಗೆ ಹೇಳುತ್ತಲೇ ಇದ್ದಳು.